ಚಿರೆಕಲ್ಲಿನ ದಾರಿಗೆ ಕಾರ್ಬನ್ ಸೈಕಲ್: ಯಾವುದು ತಗೊಳ್ಳಲಿ?

ಶಿರಸಿ_ಸವಾರ
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಅಲ್ಯೂಮಿನಿಯಂ ಹಾರ್ಡ್‌ಟೇಲ್ ಓಡಿಸುತ್ತಿದ್ದೇನೆ. ಮುಂದೆ 100 ಮಿ.ಮೀ. ಅಮುಕುವ ಫೋರ್ಕ್ ಇದೆ, ಹಿಂದೆ ಸಸ್ಪೆನ್ಶನ್ ಇಲ್ಲ. ಶಿರಸಿ ಸುತ್ತಲಿನ ಬೆಟ್ಟದ ದಾರಿ, ಸೋಂದಾ ಕಡೆಯ ಮಣ್ಣು ರಸ್ತೆ, ತಿಂಗಳಿಗೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾ. ಚಿರೆಕಲ್ಲು ಮೆಟ್ಟಿಲು ಮೆಟ್ಟಿಲಾಗಿ ಎದ್ದಿರುವ ಇಳಿಜಾರಿನಲ್ಲಿ ಈಗೀಗ ಸೊಂಟ ತಡೆಯುತ್ತಿಲ್ಲ. ವಯಸ್ಸು 39, ತೂಕ 76 ಕೆ.ಜಿ., ಎತ್ತರ 5 ಅಡಿ 8 ಇಂಚು. ಕೂಡಿಟ್ಟ ದುಡ್ಡಿದೆ, ಆರು ಲಕ್ಷದವರೆಗೆ ಹೋಗಬಹುದು. ಕಾರ್ಬನ್ ಫ್ರೇಮ್, 29 ಇಂಚಿನ ಚಕ್ರ, ಹಿಂದೆ 140 ಮಿ.ಮೀ. ಆಸುಪಾಸು ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಬೇಕು. ಸಾಂಟಾ ಕ್ರೂಜ್ ಹೈಟವರ್, ಟ್ರೆಕ್ ಫ್ಯುಯಲ್ ಇಎಕ್ಸ್, ಸ್ಪೆಷಲೈಸ್ಡ್ ಸ್ಟಂಪ್‌ಜಂಪರ್, ಈ ಮೂರು ಮನಸ್ಸಿನಲ್ಲಿವೆ. ನೀವಾದರೆ ಯಾವುದು ತಗೊಳ್ಳುತ್ತಿದ್ದಿರಿ?

ಹುಬ್ಬಳ್ಳಿ_ಗೇರ್
ಹೈಟವರ್. ನಾಲ್ಕು ವರ್ಷದಿಂದ ಅದನ್ನೇ ಓಡಿಸುತ್ತಿದ್ದೇನೆ. ಹಿಂದಿನ ಚಕ್ರ ಎರಡು ಚಿಕ್ಕ ಲಿಂಕ್‌ಗಳ ಮೇಲೆ ನಿಂತಿದೆ. ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ. ಪೆಡಲ್ ಒತ್ತಿ ತುಳಿದಾಗ ಸೈಕಲ್ ಕುಣಿಯುವುದಿಲ್ಲ, ಘಟ್ಟ ಹತ್ತುವವರಿಗೆ ಅದು ಬೇಕೇ ಬೇಕು. ಕೆಳಗಿನ ಲಿಂಕ್‌ಗೆ ಗ್ರೀಸ್ ಗನ್ ಇಟ್ಟು ಹಳೇ ಗ್ರೀಸನ್ನು ಹೊರಗೆ ದೂಡಬಹುದು. ಮೊದಲ ಮಾಲೀಕನಿಗೆ ಫ್ರೇಮಿಗೂ ಪಿವಟ್ (ಲಿಂಕ್ ತಿರುಗುವ ಕೀಲು) ಬೇರಿಂಗಿಗೂ ಜೀವಮಾನದ ವಾರಂಟಿ ಇದೆ.

ಅದರ ಕಾರ್ಬನ್ ಫ್ರೇಮ್ ಎರಡು ದರ್ಜೆಯಲ್ಲಿ ಬರುತ್ತದೆ, ಸಿ ಮತ್ತು ಹಗುರವಾದ ಸಿಸಿ. ಸಿಸಿ ಬೇಡ, ಸಿ ಸಾಕು. ಎರಡೂ ಒಂದೇ ಗಟ್ಟಿ ಅಂತ ಕಂಪನಿಯೇ ಹೇಳುತ್ತದೆ. ತೂಕದಲ್ಲಿ ಕಾಲು ಕಿಲೋ ಹತ್ತಿರ ವ್ಯತ್ಯಾಸ, ಅಷ್ಟೇ.

ಬೆಟ್ಟದ_ಮನೆ
ತಮ್ಮಾ, ಫ್ರೇಮ್ ಆಮೇಲೆ ನೋಡೋಣ. ಮಳೆಗಾಲದಲ್ಲಿ ಓಡಿಸ್ತೀಯಾ ಇಲ್ವಾ? ಅದನ್ನು ಮೊದಲು ಹೇಳು.

ಯಾಕೆ ಕೇಳಿದೆ ಅಂದರೆ, ನನ್ನದೂ ಫುಲ್ ಸಸ್ಪೆನ್ಶನ್, ಅಲ್ಯೂಮಿನಿಯಂದು. ನಾನಿರುವುದು ಸಿದ್ದಾಪುರದ ಹತ್ತಿರ, ತೋಟದ ಮನೆ. ಮೊದಲ ಮಳೆಗಾಲ ಪೂರ್ತಿ ಓಡಿಸಿದೆ. ಸೆಪ್ಟೆಂಬರ್ ಹೊತ್ತಿಗೆ ಹಿಂದೆ ಕಿರ್ ಕಿರ್ ಅನ್ನಲು ಶುರುವಾಯಿತು. ಜಗುಲಿ ಮೇಲೆ ಇಟ್ಟುಕೊಂಡು ಹಿಂದಿನ ಆಘಾತ ತಡೆಯುವ ಶಾಕ್ ಬಿಚ್ಚಿದೆ. ಹಿಂದಿನ ಚಕ್ರ ಕಳಚಿ, ಹಿಂಭಾಗವನ್ನು ಕೈಯಲ್ಲಿ ಎತ್ತಿ ಬಿಟ್ಟೆ. ತಾನಾಗಿ ಕೆಳಗೆ ಇಳಿಯಬೇಕು. ಅರ್ಧಕ್ಕೇ ನಿಂತಿತು. ಬೇರಿಂಗ್ ಹೊರಗೆ ತೆಗೆದು ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಅನ್ನದಲ್ಲಿ ಮರಳು ಕಡಿದ ಹಾಗೆ. ಸೂಜಿಯಿಂದ ಸೀಲ್ ಎಬ್ಬಿಸಿದೆ. ಒಳಗೆ ಗ್ರೀಸ್ ಅನ್ನುವುದೇ ಇಲ್ಲ. ಅಡಿಕೆ ಚೊಗರಿನಂಥ ಕೆಂಪು ನೀರು ಜಿನುಗಿತು.

ಕೊಂಡ ಅಂಗಡಿಗೆ ಫೋನ್ ಮಾಡಿದರೆ ಸೈಕಲ್ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸಿ ಅಂದರು. ಕಳಿಸಿದೆ. ತಿರುಗಿ ಕೈಗೆ ಬರಲು ಐದು ವಾರ ಹಿಡಿಯಿತು. ಮಳೆ ಬಿಟ್ಟು, ಮಣ್ಣು ಇನ್ನೂ ಹದವಾಗಿರುವ ಹೊತ್ತು ಅದು. ವರ್ಷದಲ್ಲೇ ಸೈಕಲ್ ಓಡಿಸಲು ಅಷ್ಟು ಒಳ್ಳೆಯ ದಿನಗಳು ಬೇರೆ ಇಲ್ಲ. ಆ ಐದು ವಾರ ಇವತ್ತಿಗೂ ನನಗೆ ನೋವು. ಆಮೇಲೆ ಬೇರಿಂಗ್ ಪ್ರೆಸ್ ತರಿಸಿ ನಾನೇ ಕಲಿತೆ.

ಶಿರಸಿ_ಸವಾರ
ಅಣ್ಣ, ಜೂನ್-ಜುಲೈಯಲ್ಲಿ ಕಡಿಮೆ. ಆಗಸ್ಟ್‌ನಿಂದ ಬಿಡುವಿದ್ದಾಗೆಲ್ಲ ಹೋಗುತ್ತೇನೆ. ಬೇರಿಂಗ್ ಹೊರಗಿನ ಅಂಗಡಿಯಲ್ಲಿ ಸಿಗುತ್ತದಾ? ಕಂಪನಿಯದೇ ಬೇಕಾ?

ಬೆಟ್ಟದ_ಮನೆ
ಕಂಪನಿಯದೇ ಬೇಕು ಅಂತಿಲ್ಲ. 6902 ಥರದ ನಂಬರ್ ಬೇರಿಂಗ್ ಮೇಲೆಯೇ ಇರುತ್ತದೆ. ಆದರೆ ಅಂಗಡಿಯವರು ಮೋಟಾರಿಗೆ ಹಾಕುವುದನ್ನು ಕೊಟ್ಟುಬಿಡುತ್ತಾರೆ. ಪಿವಟ್ ಪೂರ್ತಿ ಸುತ್ತು ತಿರುಗುವುದಿಲ್ಲ, ಸ್ವಲ್ಪ ಆಚೆ ಈಚೆ ಅಲ್ಲಾಡುತ್ತದೆ, ಭಾರ ಪೂರ್ತಿ ಅಲ್ಲೇ ಬೀಳುತ್ತದೆ. ಅದಕ್ಕೇ ಒಳಗೆ ಕೇಜ್ ಇಲ್ಲದೆ ಗುಂಡು ಒತ್ತಾಗಿ ತುಂಬಿದ ಬೇರಿಂಗ್ ಬರುತ್ತದೆ, ಮ್ಯಾಕ್ಸ್ ಅನ್ನುತ್ತಾರೆ. ಅದನ್ನೇ ಕೇಳಿ ತಗೋ.

ಕಾಳಿ_ದಂಡೆ
ಕಾರವಾರದಿಂದ ಬರೆಯುತ್ತಿದ್ದೇನೆ. ಕಾರ್ಬನ್ ತುಕ್ಕು ಹಿಡಿಯುವುದಿಲ್ಲ ಅಂತ ನಾನೂ ತಗೊಂಡೆ. ಫ್ರೇಮ್ ಇವತ್ತಿಗೂ ಹೊಸದರ ಹಾಗಿದೆ. ಅದಕ್ಕೆ ಅಂಟಿಕೊಂಡ ಲೋಹದ ಕಥೆ ಬೇರೆ. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ಉಪ್ಪು ನೀರು ಸೇರಿತೋ, ಅಲ್ಯೂಮಿನಿಯಂ ಸವೆಯುತ್ತದೆ. ನನ್ನ ಕಾರ್ಬನ್ ರಿಮ್‌ನ ಅಲ್ಯೂಮಿನಿಯಂ ನಿಪ್ಪಲ್‌ಗಳು (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್ಟುಗಳು) ಎರಡನೇ ವರ್ಷ ಬಿಳೀ ಪುಡಿಯಾಗಿ ಒಂದೊಂದೇ ತುಂಡಾದವು. ಎಲ್ಲ ತೆಗೆಸಿ ಹಿತ್ತಾಳೆಯದು ಹಾಕಿಸಿದೆ. ಆಮೇಲೆ ತೊಂದರೆ ಇಲ್ಲ.

ನೀವು ಘಟ್ಟದ ಮೇಲಿನವರು, ಉಪ್ಪು ಅಷ್ಟಿಲ್ಲ. ಆದರೂ ಕುಮಟಾ, ಗೋಕರ್ಣಕ್ಕೆ ಇಳಿದು ಬಂದ ದಿನ ಸಿಹಿ ನೀರು ಹಾಕಿ ಒರೆಸಿ. ದಮ್ಮಯ್ಯ, ಬೈಕ್ ವಾಷಿಂಗ್ ಮಾಡುವ ಕಡೆ ಜೋರು ನೀರು ಹೊಡೆಸಬೇಡಿ. ಸೀಲ್ ದಾಟಿ ಒಳಗೇ ಹೋಗುತ್ತದೆ.

ಬೆಟ್ಟದ_ಮನೆ
ಇನ್ನು ಫ್ರೇಮ್ ವಿಷಯ. ನಾನಾದರೆ ಅಲ್ಯೂಮಿನಿಯಂ ಅಂತಲೇ ಹೇಳುವುದು. ಅರ್ಧ ಕಿಲೋ, ಹೆಚ್ಚೆಂದರೆ ಒಂದು ಕಿಲೋ ಜಾಸ್ತಿ. ಸೈಕಲ್ ಹೇಗೂ ಹದಿನಾಲ್ಕು ಕಿಲೋ ತೂಗುತ್ತದೆ. ಚಿರೆಕಲ್ಲು ಸಿಡಿದು ಬಡಿದರೆ ಅಲ್ಯೂಮಿನಿಯಂ ನೆಗ್ಗುತ್ತದೆ, ನೆಗ್ಗಿದ್ದು ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಮೇಲೆ ನುಣ್ಣಗಿದ್ದು ಒಳಗೆ ಪದರ ಬಿಟ್ಟಿರಬಹುದು. ಉಳಿದ ದುಡ್ಡಲ್ಲಿ ಒಳ್ಳೇ ಫೋರ್ಕ್ ಹಾಕಿಸು. ಸೊಂಟಕ್ಕೆ ಆರಾಮ ಕೊಡುವುದು ಫೋರ್ಕ್ ಮತ್ತು ಶಾಕ್.

ಹುಬ್ಬಳ್ಳಿ_ಗೇರ್
ಅಣ್ಣ, ಇದನ್ನು ಒಪ್ಪಲಾರೆ. ನೆಗ್ಗಿದ ಅಲ್ಯೂಮಿನಿಯಂ ಫ್ರೇಮ್ ರಿಪೇರಿ ಮಾಡುವವರು ಎಲ್ಲಿ? ವೆಲ್ಡ್ ಮಾಡಿದರೆ ಮತ್ತೆ ಹೀಟ್ ಟ್ರೀಟ್‌ಮೆಂಟ್ ಆಗಬೇಕು, ಇಲ್ಲದಿದ್ದರೆ ಆ ಜಾಗ ಮೆತ್ತಗೇ ಉಳಿಯುತ್ತದೆ. ಕಾರ್ಬನ್ ಒಡೆದರೆ ಆ ಭಾಗ ಉಜ್ಜಿ ಹೊಸ ಪದರ ಕೂರಿಸುತ್ತಾರೆ. ಹ್ಯಾಂಡಲ್‌ನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ, ಡೌನ್‌ಟ್ಯೂಬ್, ಅದರ ಕೆಳಗೆ ದಪ್ಪ ರಬ್ಬರ್ ಗಾರ್ಡ್ ಬಂದಿರುತ್ತದೆ. ನನ್ನದು ಅದೆಷ್ಟು ಕಲ್ಲು ತಿಂದಿದೆಯೋ, ಗಾರ್ಡ್ ಮೇಲೆ ಗೀರು ಬಿಟ್ಟರೆ ಏನೂ ಇಲ್ಲ.

ಕಾಳಿ_ದಂಡೆ
ಪೆಟ್ಟು ಬಿದ್ದ ಅನುಮಾನ ಇದ್ದರೆ ಒಂದು ರೂಪಾಯಿ ನಾಣ್ಯದಿಂದ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಕ್ ಟಕ್ ಅಂತ ಚುರುಕಾಗಿ ಕೇಳುತ್ತದೆ. ಪದರ ಬಿಟ್ಟಲ್ಲಿ ಡಬ್ ಅಂತ ಸತ್ತ ಶಬ್ದ. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಕಿವಿ ಬೇಗ ಪಳಗುತ್ತದೆ. ಖಾತ್ರಿಯಾಗದಿದ್ದರೆ ಓಡಿಸದೆ ತಿಳಿದವರಿಗೆ ತೋರಿಸಿ.

ಕಾರ್ಬನ್ನಿಗೆ ನಿಜವಾದ ಭಯ ಹಗ್ಗದ್ದು. ಪಿಕಪ್‌ನಲ್ಲಿ ಅಡಿಕೆ ಮೂಟೆ ಬಿಗಿದ ಹಾಗೆ ಫ್ರೇಮ್ ಮೇಲೆ ಹಗ್ಗ ಬಿಗಿಯುತ್ತಾರೆ. ಆ ಕೊಳವೆಯ ಗೋಡೆ ತೆಳು, ಅಮುಕಿದರೆ ಹೋಯಿತು. ಚಕ್ರಕ್ಕೆ ಕಟ್ಟಿಸಿ.

ಕುಮಟಾ_ಅಕ್ಕ
ಅಳತೆ ವಿಷಯ ಯಾರೂ ಎತ್ತಲಿಲ್ಲ. ನಾನು 5 ಅಡಿ 2 ಇಂಚು. ಒಂದು ಅಂಗಡಿಯವರು ಸ್ಟಾಕ್‌ನಲ್ಲಿದ್ದ ಮೀಡಿಯಂ ಕೊಟ್ಟು, ಹ್ಯಾಂಡಲ್‌ನ ಸ್ಟೆಮ್ ಚಿಕ್ಕದು ಹಾಕಿದರೆ ಸರಿಹೋಗುತ್ತದೆ ಅಂದರು. ನಂಬಿದೆ. ಇಳಿಜಾರಿನಲ್ಲಿ ನಿಲ್ಲಿಸಿ ಕಾಲು ಊರಲು ಹೋದರೆ ನೆಲ ಸಿಗುತ್ತಿರಲಿಲ್ಲ, ಎರಡು ಸಲ ಬಿದ್ದೆ. ಒಂದೂವರೆ ವರ್ಷಕ್ಕೆ ನಷ್ಟ ಮಾಡಿಕೊಂಡು ಮಾರಿದೆ. ಸ್ಟೆಮ್ ಬದಲಿಸಿದರೆ ಫ್ರೇಮ್ ಚಿಕ್ಕದಾಗುವುದಿಲ್ಲ.

ತಮ್ಮಾ, ನೀನು ಒಂದು ಸಲ ಹತ್ತಿ ಕುಳಿತು ನೋಡದೆ ಮುಂಗಡ ಕೊಡಬೇಡ. ನಿನ್ನ ಎತ್ತರಕ್ಕೆ ಮೀಡಿಯಂ, ಲಾರ್ಜ್ ಎರಡೂ ಆಗಬಹುದು. ಪೆಡಲ್ ಮೇಲೆ ನಿಂತು ಹ್ಯಾಂಡಲ್ ಹಿಡಿದಾಗ ಎದೆ ಎಷ್ಟು ಮುಂದಕ್ಕೆ ಹೋಗುತ್ತದೆ ನೋಡು. ನಮ್ಮ ದಾರಿಗಳಲ್ಲಿ ತಿರುವು ಇಕ್ಕಟ್ಟು, ಮಧ್ಯೆ ಸಂಕ ಬೇರೆ ಬರುತ್ತದೆ. ಉದ್ದದ ಸೈಕಲ್ ತಿರುಗಿಸುವುದು ಕಷ್ಟ. ನಾನಾದರೆ ಮೀಡಿಯಂ ಅನ್ನುತ್ತೇನೆ.

ಜೊಯಿಡಾ_ಜಾಡು
ಟಯರ್ ಬಗ್ಗೆ ಎರಡು ಮಾತು. ನಮ್ಮ ಕಡೆ ಬಿದಿರು ಮುಳ್ಳು. ಟ್ಯೂಬ್ ಹಾಕಿದರೆ ದಿನಕ್ಕೆ ಎರಡು ಪಂಚರ್ ಗ್ಯಾರಂಟಿ. ಟ್ಯೂಬ್‌ಲೆಸ್ ಮಾಡಿಸಿ ತೂತು ಮುಚ್ಚುವ ಸೀಲೆಂಟ್ ದ್ರವ ಹಾಕಿ. ಬೇಸಿಗೆಯಲ್ಲಿ ಅದು ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ ತುಂಬಿ. ಮ್ಯಾಕ್ಸಿಸ್ ಮಿನಿಯನ್ ಟಯರ್ ತಗೊಂಡರೆ ಹಿಂದಿನ ಚಕ್ರಕ್ಕಾದರೂ ಗೋಡೆ ಹೆಚ್ಚು ಗಟ್ಟಿ ಇರುವ ಎಕ್ಸೊ ಪ್ಲಸ್ ಇರಲಿ. ಬರೀ ಎಕ್ಸೊ ಚಿರೆಕಲ್ಲಿನ ಅಂಚಿಗೆ ಪಕ್ಕದಲ್ಲಿ ಸೀಳುತ್ತದೆ. ರಿಮ್ ಅಲ್ಯೂಮಿನಿಯಂದೇ ಇರಲಿ. ಬಾಗಿದರೆ ಇಕ್ಕಳದಲ್ಲಿ ಹಿಡಿದು ನೇರ ಮಾಡಿಕೊಂಡು ಮನೆ ಸೇರಬಹುದು.

ಇನ್ನೊಂದು. ಹೊಸ ಸೈಕಲ್ ಸಿಕ್ಕಿತು ಅಂತ ಈ ಕಡೆ ಕಾಡಿಗೆ ನುಗ್ಗಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ನಿಮ್ಮಲ್ಲೂ ಸೊಪ್ಪಿನ ಬೆಟ್ಟದಲ್ಲಿ (ಅಡಿಕೆ ತೋಟದವರು ತೋಟಕ್ಕೆ ಸೊಪ್ಪು ತರುವ ಕಾಡು) ಹೋಗುವಾಗ ಆ ಮನೆಯವರನ್ನು ಒಂದು ಮಾತು ಕೇಳಿ. ಹಸಿ ಮಣ್ಣಿನಲ್ಲಿ ದಪ್ಪ ಟಯರ್ ಎಳೆದ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿದು ದಾರಿ ಕೊಚ್ಚುತ್ತದೆ. ಆ ದಾರಿಯಲ್ಲಿ ಸೊಪ್ಪು ಹೊರುವವರು ನಡೆಯುತ್ತಾರೆ.

ಶಿರಸಿ_ಸವಾರ
ಜೊಯಿಡಾದವರೇ, ಆ ಮಾತು ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ. ಬ್ರೇಕ್ ಯಾವುದು? ದೇವಿಮನೆ ಇಳಿಯುವಾಗ ಕೈ ಸೋಲುತ್ತದೆ. ಸ್ಟಂಪ್‌ಜಂಪರ್ ಬಗ್ಗೆಯೂ ಯಾರಾದರೂ ಹೇಳಿ. 1981ರಿಂದ ಬರುತ್ತಿರುವ ಹೆಸರು ಅಂತ ಅದರ ಮೇಲೊಂದು ಪ್ರೀತಿ.

ಹುಬ್ಬಳ್ಳಿ_ಗೇರ್
ಸ್ಟಂಪ್‌ಜಂಪರ್ ಒಳ್ಳೆಯದೇ. ಕೊಳವೆಯೊಳಗೇ ಸಾಮಾನು ಇಡುವ ಜಾಗ ಇದೆ, ಟೂಲ್ಸ್ ಬ್ಯಾಗ್ ಬೇಡ. ಫ್ಯುಯಲ್ ಇಎಕ್ಸ್‌ನಲ್ಲಿ ಹಿಂದಿನ ಪಿವಟ್ ಆಕ್ಸಲ್ ಸುತ್ತಲೇ ಕೂತಿರುತ್ತದೆ, ಬ್ರೇಕ್ ಒತ್ತಿದರೂ ಸಸ್ಪೆನ್ಶನ್ ಕೆಲಸ ಬಿಡುವುದಿಲ್ಲ. ಮೂರರಲ್ಲಿ ಯಾವುದೂ ಕೆಟ್ಟದ್ದಲ್ಲ.

ಬ್ರೇಕಿಗೆ ಶಿಮಾನೊ, ನಾಲ್ಕು ಪಿಸ್ಟನ್ನಿನದು. ಅದಕ್ಕೆ ಮಿನರಲ್ ಆಯಿಲ್. ಬೇರೆ ಕೆಲವು ಬ್ರೇಕ್‌ಗಳಲ್ಲಿ ಬರುವ ಡಾಟ್ ದ್ರವ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ನಮ್ಮ ಮಳೆಗಾಲದ ಗಾಳಿಗೆ ಅದು ಆಗಿಬರುವುದಿಲ್ಲ. ಡಾಟ್ ಬ್ರೇಕ್ ಇದ್ದರೆ ಪ್ರತಿ ವರ್ಷ ಬದಲಿಸಿ.

ಬೆಟ್ಟದ_ಮನೆ
ತಮ್ಮಾ, ಯಾವ ಬ್ರಾಂಡ್ ಆದರೂ ಕೊಳ್ಳುವ ಮೊದಲು ಇಷ್ಟು ನೋಡು. ಬ್ರೇಕ್ ಪೈಪ್ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಒಳಗಿಂದ ಹೋಗಿದ್ದರೆ ಬೇಡ. ಅಲ್ಲಿನ ಬೇರಿಂಗ್ ಬದಲಿಸಲು ಬ್ರೇಕನ್ನೂ ಬಿಚ್ಚಬೇಕಾಗುತ್ತದೆ. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಬೇರಿಂಗ್) ತಿರುಪಿ ಬಿಗಿಸುವಂಥದ್ದು ಇರಲಿ, ಒತ್ತಿ ಕೂರಿಸುವುದು ಕಿರುಗುಟ್ಟುತ್ತದೆ. ಹಿಂದಿನ ಗೇರ್ ಬದಲಿಸುವ ಡಿರೇಲರ್ ನೇತಾಡುವ ತುಂಡು, ಹ್ಯಾಂಗರ್, ಯುಡಿಎಚ್ ಮಾದರಿಯದು ಇರಲಿ. ಯುಡಿಎಚ್ ಇರುವ ಫ್ರೇಮ್ ಯಾವ ಕಂಪನಿಯದಾದರೂ ಆ ತುಂಡು ಒಂದೇ, ಒಂದು ಜೋಡಿ ಮನೆಯಲ್ಲಿ ಇಟ್ಟುಕೊಳ್ಳಬಹುದು. ಪಿವಟ್ ಬೋಲ್ಟ್ ಎಲ್ಲ ಸಾದಾ ಅಲೆನ್ ಕೀಗೆ ಬರುತ್ತದಾ ಅಂತ ಕೈಯಲ್ಲಿ ಹಾಕಿ ನೋಡು. ಶಿರಸಿಯಲ್ಲಿ ಕೂತು ನೀನೇ ಬಿಚ್ಚಿ ಜೋಡಿಸಲು ಆಗದ ಸೈಕಲ್ ಆರು ಲಕ್ಷದ್ದಾದರೂ ಗೋಡೆಗೆ ಒರಗಿಯೇ ಇರುತ್ತದೆ.

ಶಿರಸಿ_ಸವಾರ
ಹಾಗಾದರೆ ಕಾರ್ಬನ್ ಬಿಡಬೇಕಾ ಅಣ್ಣ?

ಬೆಟ್ಟದ_ಮನೆ
ಬಿಡು ಅಂತ ಹೇಳಲಾರೆ. ಎರಡು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ತಗೋ. ನನ್ನ ಆಸೆ ಬೇರೆ, ನಿನ್ನದು ಬೇರೆ. ಆದರೆ ಆರು ಲಕ್ಷ ಪೂರ್ತಿ ಸೈಕಲ್ಲಿಗೇ ಸುರಿಯಬೇಡ. ಐವತ್ತು ಸಾವಿರ ತೆಗೆದಿಡು. ಟಾರ್ಕ್ ರೆಂಚ್, ಬೇರಿಂಗ್ ಪ್ರೆಸ್, ಶಾಕ್ ಪಂಪ್, ಎರಡು ವರ್ಷಕ್ಕೆ ಸಾಲುವ ಸೀಲ್, ಎಣ್ಣೆ. ಫೋರ್ಕ್‌ನ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸುವುದನ್ನು 50 ಗಂಟೆಗೊಮ್ಮೆ ಮನೆಯಲ್ಲೇ ಮಾಡಬಹುದು.

ಕುಮಟಾ_ಅಕ್ಕ
ಸ್ಯಾಗ್ ಇಡುವುದನ್ನೂ, ಅಂದರೆ ನೀನು ಕೂತಾಗ ಸಸ್ಪೆನ್ಶನ್ ಎಷ್ಟು ಇಳಿಯಬೇಕು ಅಂತ ಹೊಂದಿಸುವುದನ್ನೂ, ಕಲಿತುಕೋ. ಅಂಗಡಿಯವರು ತುಂಬಿದ ಗಾಳಿಯಲ್ಲೇ ವರ್ಷಗಟ್ಟಲೆ ಓಡಿಸಿ ಸಸ್ಪೆನ್ಶನ್ ಗಟ್ಟಿ ಅನ್ನುವವರನ್ನು ನೋಡಿದ್ದೇನೆ. ಶಾಕ್‌ನ ಸ್ಟ್ರೋಕ್ (ಅದು ಪೂರ್ತಿ ಅಮುಕುವ ದೂರ) 55 ಮಿ.ಮೀ. ಇದ್ದರೆ, ನೀರು, ಚೀಲ ಎಲ್ಲ ಹೊತ್ತು ಸೀಟ್ ಮೇಲೆ ಸುಮ್ನೆ ಕೂತಾಗ ಶಾಕ್ ಮೇಲಿನ ರಬ್ಬರ್ ಉಂಗುರ 16 ಮಿ.ಮೀ. ಹತ್ತಿರ ಸರಿಯಬೇಕು. ಕಡಿಮೆ ಸರಿದರೆ ಗಾಳಿ ಇಳಿಸು.

ಶಿರಸಿ_ಸವಾರ
ಎಲ್ಲರಿಗೂ ಧನ್ಯವಾದ. ಕಾರ್ಬನ್ನೇ ತಗೊಳ್ಳುತ್ತೇನೆ, ಆಸೆ ಬಿಡುವುದಿಲ್ಲ. ಹೈಟವರ್ ಸಿ, ಅಲ್ಯೂಮಿನಿಯಂ ರಿಮ್, ಹಿತ್ತಾಳೆ ನಿಪ್ಪಲ್, ಶಿಮಾನೊ ಬ್ರೇಕ್. ಮುಂದಿನ ವಾರ ಬೆಂಗಳೂರಿಗೆ ಹೋಗಿ ಮೀಡಿಯಂ, ಲಾರ್ಜ್ ಎರಡನ್ನೂ ಹತ್ತಿ ನೋಡುತ್ತೇನೆ. ಬೇರಿಂಗ್ ವಾರಂಟಿ ಇಲ್ಲಿ ಹೇಗೆ ಸಿಗುತ್ತದೆ ಅಂತ ಡೀಲರ್ ಹತ್ತಿರ ಬರೆಸಿಕೊಳ್ಳುತ್ತೇನೆ. ಬೆಟ್ಟದ ಮನೆ ಅಣ್ಣ, ಅದಕ್ಕೂ ಮೊದಲು ಬೇರಿಂಗ್ ತೆಗೆಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಬರಬಹುದಾ?

ಬೆಟ್ಟದ_ಮನೆ
ಭಾನುವಾರ ಬಾ. ನನ್ನದರ ಕೆಳಗಿನ ಎರಡು ಮತ್ತೆ ಒರಟಾಗಿವೆ, ನೀನು ಬರುವವರೆಗೆ ಬಿಚ್ಚುವುದಿಲ್ಲ. ನಿನ್ನ ಕೈಯಲ್ಲೇ ತೆಗೆಸುತ್ತೇನೆ. ಹಳೇ ಬಟ್ಟೆ ಹಾಕಿಕೊಂಡು ಬಾ, ಊಟ ಇಲ್ಲೇ.