ಗ್ರೇಸ್ ಮತ್ತು ಜೈಲ್ಸ್ ಮದುವೆಗೆ ಅಡ್ಡ ಬಂದದ್ದು ಯಾವುದು?

ಪ್ರಶ್ನೆ:
ಥಾಮಸ್ ಹಾರ್ಡಿಯವರ 1887ರ ಕಾದಂಬರಿ ‘ದಿ ವುಡ್‌ಲ್ಯಾಂಡರ್ಸ್’ ಅನ್ನು ಈಚೆಗೆ ಓದಿ ಮುಗಿಸಿದೆ. ಮಗಳು ಗ್ರೇಸ್‌ಳನ್ನು ಜೈಲ್ಸ್ ವಿಂಟರ್‌ಬೋರ್ನ್‌ಗೆ ಕೊಡಬೇಕೆಂದು ನಿಶ್ಚಯಿಸಿಕೊಂಡಿದ್ದ ಮರದ ವ್ಯಾಪಾರಿ ಮೆಲ್ಬರಿ, ಕೊನೆಗೆ ಅವಳನ್ನು ಹಳೆಯ ಮನೆತನದ ವೈದ್ಯ ಫಿಟ್ಸ್‌ಪಿಯರ್ಸ್‌ಗೆ ಮದುವೆ ಮಾಡಿಕೊಡುತ್ತಾನೆ. ಗ್ರೇಸ್ ಮತ್ತು ಜೈಲ್ಸ್ ಇಬ್ಬರೂ ಒಂದೇ ಹಳ್ಳಿಯವರು, ಒಂದೇ ಕಾಡನ್ನು ನಂಬಿ ಬದುಕಿದವರ ಮಕ್ಕಳು. ಹೀಗಿರುವಾಗ ಅವರ ನಡುವೆ ವರ್ಗದ ಗೋಡೆ ಎದ್ದದ್ದು ಎಲ್ಲಿಂದ?

ಮೊದಲ ಉತ್ತರ:
ಆ ಗೋಡೆಯನ್ನು ಕಟ್ಟಿದವನು ತಂದೆಯೇ. ಬಾಲ್ಯದಲ್ಲಿ ಪಾದ್ರಿಯ ಮಗ ಕೇಳಿದ ಪ್ರಶ್ನೆಯೊಂದಕ್ಕೆ ಉತ್ತರ ತಿಳಿಯದೆ ನಗೆಪಾಟಲಾಗಿದ್ದ ಮೆಲ್ಬರಿ, ಆ ಅವಮಾನ ತನ್ನ ಮಕ್ಕಳಿಗೆ ಬರಬಾರದೆಂದು ಗ್ರೇಸ್‌ಳನ್ನು ದೂರದ ಶಾಲೆಗೆ ಕಳುಹಿಸುತ್ತಾನೆ. ಜೈಲ್ಸ್‌ನ ತಂದೆಗೆ ತಾನು ಮಾಡಿದ ಅನ್ಯಾಯಕ್ಕೆ ಪ್ರಾಯಶ್ಚಿತ್ತವಾಗಿ ಮಗಳನ್ನು ಆ ಮನೆಗೆ ಕೊಡಬೇಕೆಂಬ ಅವನ ಸಂಕಲ್ಪವೂ ಪ್ರಾಮಾಣಿಕವಾದದ್ದೇ. ಆದರೆ ಅವಳ ಓದಿಗೆ ಹಣ ಸುರಿದಷ್ಟೂ ಜೈಲ್ಸ್ ಅವನ ಕಣ್ಣಿಗೆ ಚಿಕ್ಕವನಾಗುತ್ತಾ ಹೋಗುತ್ತಾನೆ. ಜೈಲ್ಸ್‌ನ ಔತಣದಲ್ಲಿ ಗ್ರೇಸ್‌ಳ ತಟ್ಟೆಯಲ್ಲಿ ಹುಳು ಕಾಣಿಸಿಕೊಳ್ಳುವ ಪ್ರಸಂಗವನ್ನು ಓದುವಾಗ ನನಗೆ ಅವನ ಬಗ್ಗೆ ತಡೆಯಲಾಗದಷ್ಟು ಸಂಕಟವಾಯಿತು.

ಎರಡನೆಯ ಉತ್ತರ:
ಮನೆಯ ವಿಷಯವನ್ನು ಮರೆಯಬಾರದು. ಜೈಲ್ಸ್‌ನ ಮನೆಗಳ ಮೇಲಿನ ಹಕ್ಕು ಮುದುಕ ಜಾನ್ ಸೌತ್ ಬದುಕಿರುವವರೆಗೆ ಮಾತ್ರ ಉಳಿಯುವಂಥದ್ದು. ಅವನು ಸತ್ತೊಡನೆ ಅವು ಜಮೀನಿನ ಒಡತಿ ಶ್ರೀಮತಿ ಚಾರ್ಮಂಡ್ ಪಾಲಾಗುತ್ತವೆ. ಮನೆಯಿಲ್ಲದವನಿಗೆ ಹೆಣ್ಣು ಕೊಡುವುದಿಲ್ಲವೆನ್ನಲು ಮೆಲ್ಬರಿಗೆ ಅಷ್ಟೇ ಸಾಕಾಗಿತ್ತು.

ಮೂರನೆಯ ಉತ್ತರ:
ಇವೆರಡೂ ಮದುವೆಗೆ ಮುಂಚಿನ ಮಾತು. ಗಂಡ ಬಿಟ್ಟುಹೋದ ಮೇಲೆ ಗ್ರೇಸ್ ತಾನಾಗಿಯೇ ಜೈಲ್ಸ್‌ನತ್ತ ಮರಳುತ್ತಾಳೆ, ತಂದೆಯೂ ಒಪ್ಪುತ್ತಾನೆ. ಆಗ ಅಡ್ಡ ನಿಂತದ್ದು ಕಾನೂನು. 1857ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ಸಾಬೀತುಪಡಿಸಿದರೆ ಸಾಕಿತ್ತು. ಹೆಂಡತಿಯಾದವಳು ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷಗಳ ಪರಿತ್ಯಾಗವನ್ನೋ ತೋರಿಸಬೇಕಿತ್ತು, ಮತ್ತು ಈ ತಾರತಮ್ಯ 1923ರವರೆಗೂ ಉಳಿಯಿತು. ಬಿಡುಗಡೆಗಾಗಿ ಲಂಡನ್ನಿಗೆ ಓಡಿದ ಮೆಲ್ಬರಿಗೆ ತಿಳಿದದ್ದು, ಅಳಿಯ ತನ್ನ ಮಗಳಿಗೆ ಮಾಡಿದ ಕೇಡು ಕಾನೂನಿಗೆ ಸಾಲದು ಎಂಬುದು. ಈ ಸುದ್ದಿ ಜೈಲ್ಸ್‌ಗೆ ಮೊದಲೇ ಮುಟ್ಟಿರುತ್ತದೆ, ಗ್ರೇಸ್‌ಗೆ ಮುಟ್ಟಿರುವುದಿಲ್ಲ. ಎಲ್ಲ ಬಲ್ಲ ಅವನು ಅವಳನ್ನು ಒಮ್ಮೆ ಮುದ್ದಿಸಿಬಿಡುತ್ತಾನೆ. ಆ ಒಂದು ಗಳಿಗೆಯ ಪಾಪಪ್ರಜ್ಞೆಯಿಲ್ಲದಿದ್ದರೆ, ಮರಳಿ ಬಂದ ಗಂಡನಿಂದ ತಪ್ಪಿಸಿಕೊಂಡು ಬಂದವಳಿಗೆ ಗುಡಿಸಲನ್ನು ಬಿಟ್ಟುಕೊಟ್ಟು, ಜ್ವರದ ಮೈಯಲ್ಲಿ ತಾನು ಹೊರಗೆ ಮಳೆಯಲ್ಲಿ ಮಲಗುವಷ್ಟು ಅವನು ಕಠಿಣನಾಗುತ್ತಿದ್ದನೇ ಎಂದು ನನಗೆ ಈಗಲೂ ಅನುಮಾನ. ಲೋಕದ ಮಾತಿನ ಹಂಗು ತೊರೆದು ಗ್ರೇಸ್ ಅವನನ್ನು ಒಳಕ್ಕೆ ಕರೆತರುವ ಹೊತ್ತಿಗೆ ಅವನಿಗೆ ಅವಳ ಗುರುತೂ ಸಿಗುವುದಿಲ್ಲ.