ಅಪ್‌ಡೇಟ್: 'ಎ ರೋಸ್ ಫಾರ್ ಎಮಿಲಿ' ಕಥೆಯ "ನಾವು" ಯಾರು?

ಅಮೆರಿಕದ ಲೇಖಕ ವಿಲಿಯಂ ಫಾಕ್ನರ್ 1930ರಲ್ಲಿ ಪ್ರಕಟಿಸಿದ ಈ ಕಥೆಯನ್ನು ಹೇಳುತ್ತಿರುವುದು ಗಂಡಸಾ, ಹೆಂಗಸಾ, ಕಥೆ ನಡೆಯುವ ಇಡೀ ಜೆಫರ್ಸನ್ ಊರಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. "ನಾವು", "ಅವರು" ಬರುವ ಕಡೆಯೆಲ್ಲ ಗುರುತು ಹಾಕಿ ಓದಿ ಅಂತ ಒಬ್ಬರು ಹೇಳಿದ್ದರಲ್ಲ, ಹಾಗೇ ಓದಿದೆ.

ಮೊದಲ ವಾಕ್ಯದಲ್ಲೇ ಗಂಡಸರು ಗೌರವದಿಂದ, ಹೆಂಗಸರು ಕುತೂಹಲದಿಂದ ಊರಿನ ಒಂಟಿ ವೃದ್ಧೆ ಎಮಿಲಿಯ ಅಂತ್ಯಕ್ರಿಯೆಗೆ ಹೋದರು ಅಂತ ಬರುತ್ತದೆ. ಹೇಳುವವರು ಎರಡರಲ್ಲಿ ಯಾವ ಗುಂಪಿಗೂ ಸೇರಿದಂತೆ ಕಾಣುವುದಿಲ್ಲ. ಮರುಕ ಪಡುವಾಗ, ಹರಟುವಾಗ "ನಾವು". ಆದರೆ ತೆರಿಗೆ ಕೇಳಲು ಮನೆಗೆ ಹೋದವರು, ಅವಳ ಮನೆಯಿಂದ ಕೆಟ್ಟ ವಾಸನೆ ಬಂತು ಅಂತ ರಾತ್ರಿ ಕಳ್ಳರ ಹಾಗೆ ಸುಣ್ಣ ಚೆಲ್ಲಿದವರು, ಕೊನೆಗೆ ಅವಳು ಸತ್ತ ಮೇಲೆ ಮುಚ್ಚಿದ್ದ ಕೋಣೆಯ ಬಾಗಿಲು ಒಡೆದವರು ಎಲ್ಲ "ಅವರು". ಮುಜುಗರದ ಕೆಲಸವನ್ನೆಲ್ಲ ಊರು ಬೇರೆಯವರ ಮೇಲೆ ಹಾಕಿಬಿಡುತ್ತದೆ, ಅಲ್ವಾ? ಆಮೇಲೆ ಕೋಣೆಯೊಳಗೆ ಹಾಸಿಗೆಯ ಮೇಲಿದ್ದ ಹಳೆಯ ಶವ ನೋಡುತ್ತಾ ನಿಂತವರು ಮಾತ್ರ ಮತ್ತೆ "ನಾವು"! ಅಲ್ಲಿ ನನಗೆ ಮೈ ಜುಮ್ಮೆಂದಿತು.

ಇನ್ನೊಂದು ವಿಷಯ. ವಾಸನೆಯ ಸಂಗತಿ ಎರಡನೇ ಭಾಗದಲ್ಲೇ ಬರುತ್ತದೆ, ಎಮಿಲಿಯ ಪ್ರಿಯಕರ ಹೋಮರ್ ಬ್ಯಾರನ್‌ನ ಕಥೆ, ಅವಳು ಆರ್ಸೆನಿಕ್ ವಿಷ ಕೊಂಡದ್ದು ಎಲ್ಲ ಆಮೇಲೆ, ಹಾಗಾಗಿ ಓದುವಾಗ ಎರಡಕ್ಕೂ ಸಂಬಂಧ ಹೊಳೆಯುವುದೇ ಇಲ್ಲ. ಊರಿನ ನೆನಪು ಹಿಂದೆಮುಂದೆ ಓಡಾಡುವ ರೀತಿಯೇ ಎಮಿಲಿ ಮಾಡಿದ ಹೋಮರ್‌ನ ಕೊಲೆಯನ್ನು ಮುಚ್ಚಿಡುತ್ತದೆ. ಇದು ಒಬ್ಬ ವ್ಯಕ್ತಿಯ ದನಿ ಅಂತ ನನಗೆ ಈಗ ಅನ್ನಿಸುತ್ತಿಲ್ಲ, ಇಡೀ ಊರೇ ಮಾತಾಡುತ್ತಿದೆ. ಊರಿಗೆ ಮೊದಲೇ ಗೊತ್ತಿತ್ತಾ? ಅನುಮಾನವಂತೂ ಇತ್ತು ಅಂತ ನನ್ನ ಓದು.