ಸಹಾಯ ಬೇಕು: ಹಳೆಯ ಎಂಜಿಬಿ ಮತ್ತು ಇಂದಿನ ಸಣ್ಣ ಕಾರಿನ ಅಶ್ವಶಕ್ತಿಯನ್ನು ಹೋಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 1962ರಲ್ಲಿ ಬಂದ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ಇಂದಿನ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಜೊತೆ ಹೋಲಿಸಿ ಲೇಖನ ಬರೆಯುತ್ತಿದ್ದೇನೆ, ಆದರೆ ಶಕ್ತಿಯ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್‌ಗಳಿದ್ದ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಸಾಧನ) ಎಂಜಿಬಿಯ 1798 ಸಿಸಿ ಎಂಜಿನ್ನಿಗೆ 5400 ಆರ್‌ಪಿಎಂನಲ್ಲಿ ಸುಮಾರು 95 ಅಶ್ವಶಕ್ತಿ ಎಂದು ನಮೂದಿಸಲಾಗಿದೆ. ಗಾತ್ರದಲ್ಲಿ ಅದರ ಮೂರನೇ ಎರಡು ಭಾಗದಷ್ಟೇ ಇರುವ ಇಂದಿನ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕೊಡುತ್ತದೆ, ಇದು ನಿಜಕ್ಕೂ ಬೆರಗಿನ ಸಂಗತಿ.

ತೂಕಕ್ಕೆ ತಕ್ಕ ಶಕ್ತಿಯನ್ನು ಲೆಕ್ಕ ಹಾಕಿ ನೋಡಿದೆ. ವೇಗೋತ್ಕರ್ಷವನ್ನೂ ಹೋಲಿಸಿದೆ, ಆದರೆ ಹಳೆಯ ಪರೀಕ್ಷೆಗಳು ಗಂಟೆಗೆ 60 ಮೈಲಿಗೆ, ಅಂದರೆ ಸುಮಾರು 96.5 ಕಿ.ಮೀ.ಗೆ ನಿಲ್ಲುತ್ತವೆ, ಇಂದಿನವು 100 ಕಿ.ಮೀ.ವರೆಗೆ ಅಳೆಯುತ್ತವೆ.

ನನ್ನ ಗೊಂದಲ ಇಷ್ಟೇ: ಆ ಕಾಲದಲ್ಲಿ ಕೆಲವು ತಯಾರಕರು ಡೈನಮೋ, ಸೈಲೆನ್ಸರ್ ಮುಂತಾದವುಗಳ ಹೊರೆಯಿಲ್ಲದೆ ಬರಿಯ ಎಂಜಿನ್ನನ್ನು ಪರೀಕ್ಷಿಸಿ ಗ್ರಾಸ್ ಅಂಕಿ ಕೊಡುತ್ತಿದ್ದರು, ಅಮೆರಿಕದ ತಯಾರಕರು ನೆಟ್ ಅಂಕಿಗೆ, ಅಂದರೆ ಆ ಹೊರೆಗಳನ್ನೆಲ್ಲ ಜೋಡಿಸಿ ಅಳೆದ ಅಂಕಿಗೆ, ಬದಲಾದದ್ದೇ 1972ರ ಸುಮಾರಿಗೆ. ಹಾಗಾದರೆ ಹಳೆಯ ಕಾರಿನ ಅಂಕಿ ಗ್ರಾಸೋ ನೆಟ್ಟೋ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಗ್ರಾಸ್ ಆಗಿದ್ದರೆ ಅದನ್ನು ನೆಟ್‌ಗೆ ಪರಿವರ್ತಿಸಲು ನಂಬಬಹುದಾದ ವಿಧಾನವಿದೆಯೇ?